ಹನ್ನೊಂದು ಹೆಸರು

"ಗುರುಗಳೇ, ಒಬ್ಬನೇ ಇದ್ದಾಗ ಇರುವೆಯನ್ನೂ ತುಳಿಯದ ಮನುಷ್ಯ ನಾಲ್ಕು ಜನರ ನಡುವೆ ನಿಂತ ಕೂಡಲೇ ಕೈ ಎತ್ತುತ್ತಾನಲ್ಲ, ಆ ಸಿಟ್ಟು ಅವನೊಳಗೆ ಮೊದಲೇ ಇತ್ತೋ, ಅಲ್ಲಿಗೆ ಬಂದ ಮೇಲೆ ಯಾರಾದರೂ ಕೊಟ್ಟರೋ?"

ಶಿಷ್ಯ ಇದನ್ನು ಕೇಳಿದ್ದು ಎರಡು ದಿನ ಊಟ ಬಿಟ್ಟ ಮೇಲೆ. ಮಠದ ದೀಪಕ್ಕೆ ಎಣ್ಣೆ ತರಲು ಅವನು ಸಂತೆಗೆ ಹೋಗಿದ್ದ. ಅಲ್ಲಿ ಕುರಿ ಕದ್ದವನೆಂದು ಯಾರೋ ಒಬ್ಬನನ್ನು ತೋರಿಸಿದರು. ಜನ ಸೇರಿತು, ಹೊಡೆಯಿತು. ಶಿಷ್ಯ ಒಂದು ಬದಿಗೆ ನಿಂತು ನೋಡಿದ. ಕುರಿ ಆಮೇಲೆ ಇನ್ನೊಬ್ಬರ ಹಿಂಡಿನಲ್ಲಿ ಸಿಕ್ಕಿತು. ಏಟು ತಿಂದವನನ್ನು ಗಾಡಿಯಲ್ಲಿ ಹಾಕಿಕೊಂಡು ಹೋದರು. ಅವನು ಬದುಕುತ್ತಾನೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಹೊಡೆದವರು ಎಂಥವರು ಎಂಬುದನ್ನು ಶಿಷ್ಯ ಮತ್ತೆ ಮತ್ತೆ ಹೇಳಿದ. ಒಬ್ಬ ಮಠಕ್ಕೆ ಎಣ್ಣೆ ಅಳೆಯುವಾಗ ಯಾವಾಗಲೂ ಸ್ವಲ್ಪ ಹೆಚ್ಚೇ ಸುರಿಯುವವನು. ಒಬ್ಬ ದಾಸೋಹಕ್ಕೆ ಬಂದು ಎಲೆ ಎತ್ತುವವನು. ಒಬ್ಬ ಬಳೆ ಮಾರುವವನು, ಹೆಂಗಸರ ಕೈ ನೋಯಬಾರದೆಂದು ಉಸಿರು ಬಿಗಿಹಿಡಿದು ಬಳೆ ಏರಿಸುವವನು. ಅವರೆಲ್ಲ ಗೊತ್ತಿದ್ದವರೇ. ಅದೇ ತನಗೆ ಭಯವೆಂದು ಅವನು ಹೇಳಿದ. ಗೊತ್ತಿಲ್ಲದವರಾಗಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ.

ಗುರು ಅವನನ್ನು ಕೂಡಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿತ್ತು. ಊರಿನ ಮೇಲ್ಗಡೆ ಎರಡು ಗುಡ್ಡ. ಗುಡ್ಡಗಳ ನಡುವೆ ಒಂದು ಹಳ್ಳ. ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕಿ ಕೆರೆ ಮಾಡಬೇಕೆಂದು ಊರವರು ಮನಸ್ಸು ಮಾಡಿದರು. ಮಣ್ಣಿನ ಕೆಲಸ ಬಲ್ಲ ಒಬ್ಬ ಮೇಸ್ತ್ರಿ ಆ ಊರಲ್ಲೇ ಇದ್ದ. ಹೊಣೆ ಅವನಿಗೆ ಬಿತ್ತು. ಕೆಲಸಕ್ಕೆ ಅರವತ್ತು ಜನ ಬಂದರು. ಗಂಡಸರೂ ಹೆಂಗಸರೂ, ಎಲ್ಲರೂ ಅದೇ ಊರಿನವರು. ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಯ ಸೊಸೆ.

ಏರಿ ಹಾಕುವುದಕ್ಕೆ ಒಂದು ಕ್ರಮವಿದೆ. ಎರಡು ಗುಡ್ಡಗಳ ಕಡೆಯಿಂದಲೂ ಮಣ್ಣು ಹಾಕುತ್ತ ನಡುವಿಗೆ ಬರಬೇಕು. ನಡುವೆ ಹಳ್ಳ ಹರಿಯುವ ಜಾಗವನ್ನು ಹಾಗೇ ಬಿಡಬೇಕು. ಅದಕ್ಕೆ ಬಾಯಿ ಎನ್ನುತ್ತಾರೆ. ಹಳ್ಳ ಪೂರ್ತಿ ಬತ್ತಿದ ಮೇಲೆ, ಮಳೆ ಬೀಳುವುದಕ್ಕೆ ಮುಂಚೆ, ಎರಡು ಮೂರು ದಿನಗಳಲ್ಲಿ ಬಾಯಿಯನ್ನು ಮುಚ್ಚಿಬಿಡಬೇಕು. ತೆರೆದ ಬಾಯಿಗೆ ಮಳೆ ಬಂದರೆ ಕೆಲಸ ಕೆಟ್ಟಿತು. ನೀರು ಎರಡು ತುದಿಗಳನ್ನೂ ಕಚ್ಚುತ್ತದೆ. ಅಷ್ಟೂ ಮಣ್ಣನ್ನು ಎಳೆದುಕೊಂಡು ಹೋಗಿ ಕೆಳಗಿನ ಕೇರಿಯ ಮೇಲೆ ಹಾಕುತ್ತದೆ.

ಹಾಗೆ ಹೋದ ಒಂದು ಏರಿಯನ್ನು ಮೇಸ್ತ್ರಿ ಕಣ್ಣಾರೆ ಕಂಡಿದ್ದ. ಮೂರು ದಿನ ಮಣ್ಣು ಅಗೆದು ಜನರನ್ನು ಹೊರಗೆ ತೆಗೆದಿದ್ದರು. ಆಗ ಅವನೂ ಅಗೆದಿದ್ದ. ಹಾಗಾಗಿ ಯುಗಾದಿ ಕಳೆದ ದಿನದಿಂದ ಅವನು ಬುಟ್ಟಿ ನೋಡುವುದಕ್ಕಿಂತ ಹೆಚ್ಚು ಆಕಾಶ ನೋಡುತ್ತಿದ್ದ. ಒಂದು ಮೋಡ ಕಂಡರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕೆಲಸದವರಿಗೆ ಮಧ್ಯಾಹ್ನದ ಅಂಬಲಿ ಮೇಸ್ತ್ರಿಯ ಅಕ್ಕ ಕಾಯಿಸುತ್ತಿದ್ದಳು. ಅವಳ ಹೆಸರು ಹುಲಿಗೆವ್ವ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ತಮ್ಮನನ್ನು ಸಾಕಿದವಳು ಅವಳೇ. ಅರವತ್ತು ಜನರ ಹೆಸರೂ ಅವಳ ಬಾಯಲ್ಲಿತ್ತು. ಸೌಟು ಎತ್ತಿದಾಗಲೆಲ್ಲ ಒಂದು ಹೆಸರು, ಹೆಸರಿನ ಜೊತೆಗೆ ಒಂದು ಚುಚ್ಚುಮಾತು. ಯಮನೂರಪ್ಪಾ, ನಿನ್ನೆ ಉಪ್ಪಿಲ್ಲ ಅಂದಿ, ಇವತ್ತು ನಿನ್ನ ಪಾಲಿಗೆ ಬರೀ ಉಪ್ಪು. ದ್ಯಾಮಣ್ಣಾ, ನಿನ್ನ ಹೊಟ್ಟೆಯೊಳಗ ಒಂದು ಕೆರಿ ಐತಿ, ಮೊದಲು ಅದಕ್ಕ ಏರಿ ಹಾಕು. ಹೀಗೆ. ಜನ ಅಂಬಲಿಗೆ ಬರುತ್ತಿದ್ದರೋ ಬೈಗುಳಕ್ಕೆ ಬರುತ್ತಿದ್ದರೋ ಹೇಳುವುದು ಕಷ್ಟ.

ಆದರೆ ಅರವತ್ತು ಜನಕ್ಕೆ ಒಂದೇ ಸಲ ಬಡಿಸುವಾಗ ಹೊತ್ತು ಹೋಗುತ್ತಿತ್ತು. ಕೊನೆಯವರು ಕುಡಿದು ಏಳುವಷ್ಟರಲ್ಲಿ ಬಿಸಿಲು ಜರುಗುತ್ತಿತ್ತು. ಮೇಸ್ತ್ರಿ ಲೆಕ್ಕ ಹಾಕಿದ. ಅರ್ಧ ಜನ ಮೊದಲು ಕುಡಿಯಲಿ, ಉಳಿದ ಅರ್ಧ ಮಣ್ಣು ಹೊರುತ್ತಿರಲಿ. ಆಮೇಲೆ ಅದಲು ಬದಲು. ಯಾರು ಯಾವ ಸರದಿ ಎಂದು ತಿಳಿಯಲು ಕೈಗೆ ದಾರ ಕಟ್ಟಿಸಿದ. ಮೊದಲ ಸರದಿಯವರಿಗೆ ಅರಿಶಿನ ಹಚ್ಚಿದ ದಾರ, ಎರಡನೆಯವರಿಗೆ ಬಿಳಿ ದಾರ.

ಕಟ್ಟಿದವಳು ಹುಲಿಗೆವ್ವ. ಬೆಳಿಗ್ಗೆ ಬಾವಿಯ ಹತ್ತಿರ ನಿಂತಳು. ಬಂದವರಿಗೆ ಬಂದ ಹಾಗೆ ಒಂದು ಅರಿಶಿನ, ಒಂದು ಬಿಳಿ. ಅದರಲ್ಲಿ ಏನೂ ಯೋಚನೆ ಇರಲಿಲ್ಲ. ಅಣ್ಣನಿಗೆ ಒಂದು ಬಂತು, ತಮ್ಮನಿಗೆ ಇನ್ನೊಂದು. ಗಾಳೆಪ್ಪನಿಗೆ ಅರಿಶಿನ ಬಿತ್ತು, ಅವನ ಹೆಂಡತಿ ಹೊನ್ನೂರವ್ವನಿಗೆ ಬಿಳಿ. ಹೊನ್ನೂರವ್ವ ಎಲ್ಲರಿಗೂ ಕೇಳುವ ಹಾಗೆ ಗಂಡನಿಗೆ ಹೇಳಿದಳು, "ಅರಿಶಿನದ ದಾರ ನಿನಗ ಬಿತ್ತು. ಇನ್ನ ಮ್ಯಾಲೆ ನಾನು ಗಂಡ, ನೀನು ಹೆಂಡತಿ. ಮುಸುರಿ ತಿಕ್ಕೋದು ನಿಂದು." ಅರವತ್ತು ಜನವೂ ನಕ್ಕರು. ಆ ಕೆಲಸದಲ್ಲಿ ಅರವತ್ತು ಜನ ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಸರದಿ ಒಟ್ಟಿಗೆ ಬರುವವರು ಒಟ್ಟಿಗೆ ಕೆಲಸ ಮಾಡುವುದು ಅನುಕೂಲ. ಹಾಗಾಗಿ ಅರಿಶಿನದವರು ಮೂಡಣ ಗುಡ್ಡದ ಕಡೆ ಸೇರಿದರು, ಬಿಳಿಯವರು ಪಡುವಣ ಗುಡ್ಡದ ಕಡೆ.

ಒಂದು ವಾರವಾಯಿತು. ಅರಿಶಿನದವರು ಗೊಣಗಿದರು. ಮೊದಲು ಕುಡಿಯುವವರಿಗೆ ಮೇಲಿನ ತಿಳಿ ನೀರು, ಗಟ್ಟಿಯೆಲ್ಲ ತಳದಲ್ಲಿ ಕೂತು ಅವರಿಗೆ ಸಿಗುತ್ತದೆ ಎಂದರು. ಅದೇ ದಿನ ಬಿಳಿಯವರೂ ಗೊಣಗಿದರು. ಅವರು ಕುಡಿದು ಬಿಟ್ಟ ತಳದ ಗಸಿ ನಮ್ಮ ಪಾಲಿಗೆ ಎಂದರು. ಮಡಕೆ ಒಂದೇ, ಅಂಬಲಿ ಒಂದೇ. ಎರಡೂ ಕಡೆಯವರಿಗೆ ಮೋಸವಾಗಿತ್ತು.

ಹುಲಿಗೆವ್ವ ಎರಡೂ ಕಡೆಯವರ ಎದುರಿಗೆ ಮಡಕೆಯೊಳಗೆ ಸೌಟು ಹಾಕಿ ತಿರುಗಿಸಿ ತೋರಿಸಿದಳು. ನೋಡಿದರು, ನಂಬಲಿಲ್ಲ. ಮೇಸ್ತ್ರಿಗೆ ಜಗಳ ಬೇಡವಾಗಿತ್ತು. ಎರಡು ಮಡಕೆ ಇಡಿಸಿದ. ಒಂದು ಮೂಡಲಿಗೆ, ಒಂದು ಪಡುವಲಿಗೆ. ಆಮೇಲೆ ಕುಡಿಯುವ ನೀರಿಗೂ ಎರಡು ಹರವಿ ಇಟ್ಟ. ಆಮೇಲೆ ನೆರಳಿಗೂ ಎರಡು ಚಪ್ಪರ ಹಾಕಿಸಿದ. ಒಂದೊಂದು ಸಲವೂ ಜಗಳ ನಿಂತಿತು ಅಂದುಕೊಂಡ. ಗಂಡ ಹೆಂಡತಿ ಬೇರೆ ಬೇರೆ ಚಪ್ಪರದಲ್ಲಿ ಕೂತು ಅಂಬಲಿ ಕುಡಿಯುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಇನ್ನೊಂದು ಸಂಗತಿ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಕೆಲಸ ಓಡುತ್ತಿತ್ತು. ಮೊದಲು ದಿನಕ್ಕೆ ಒಂದು ಮಾರು ಸಾಗದ ಏರಿ ಈಗ ಎರಡು ಮಾರು ಸಾಗುತ್ತಿತ್ತು. ಮೂಡಲವರು ಪಡುವಲವರ ಬುಟ್ಟಿ ನೋಡುತ್ತಿದ್ದರು, ಪಡುವಲವರು ಮೂಡಲವರ ಬುಟ್ಟಿ. ಆಕಾಶಕ್ಕೆ ಹೆದರಿದ ಮನುಷ್ಯನಿಗೆ ಇದಕ್ಕಿಂತ ಏನು ಬೇಕು? ಅವನು ಮೂಡಲಿಗೆ ಹೋದಾಗ, ಪಡುವಲವರು ನಿನ್ನೆ ನಿಮಗಿಂತ ಒಂದು ಮೊಳ ಮುಂದೆ ಎಂದ. ಪಡುವಲಿಗೆ ಹೋದಾಗ, ಮೂಡಲವರು ನಿಮ್ಮನ್ನು ನೋಡಿ ನಗುತ್ತಿದ್ದಾರೆ ಎಂದ. ಮೊದಮೊದಲು ಅದು ನಿಜವಾಗಿರಲಿಲ್ಲ. ಆಮೇಲೆ ಆಯಿತು.

ಹುಲಿಗೆವ್ವ ಒಂದು ಸಂಜೆ ಅವನಿಗೆ ಹೇಳಿದಳು. ತಮ್ಮಾ, ಚಳಿ ಅಂತ ಮನಿಗೆ ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ಳಬ್ಯಾಡ. ಇತ್ತಿತ್ತಲಾಗಿ ಯಾರೂ ಯಾರನ್ನೂ ಹೆಸರು ಹಿಡಿದು ಕರೀವಲ್ಲರು. ಗಾಳೆಪ್ಪ ಎಲ್ಲಿ ಅಂದರ, ಅರಿಶಿನದವರೆಲ್ಲ ಅತ್ಲಾಗ ಅದಾರ ಅಂತಾಳ ಹೊನ್ನೂರವ್ವ. ತನ್ನ ಗಂಡಗ.

ಏರಿಯ ಬಾಯಿ ಮುಚ್ಚಲಿ ಅಕ್ಕ, ಆಮೇಲೆ ದಾರ ಹರಿದು ಹಾಕಿದರಾಯಿತು ಎಂದ ಮೇಸ್ತ್ರಿ.

ಬಿಸಿಲು ಏರಿತು. ಮಾತೂ ಏರಿತು. ಬಿಳಿಯವರು ಹೆಣ ಹೊತ್ತ ಹಾಗೆ ಬುಟ್ಟಿ ಹೊರುತ್ತಾರೆ ಎಂದು ಈ ಕಡೆಯವರು. ಅರಿಶಿನದವರಿಗೆ ದಿನಾ ಮದುವೆ, ಮಣ್ಣು ಮುಟ್ಟಿದರೆ ಮೈಲಿಗೆ ಎಂದು ಆ ಕಡೆಯವರು. ಒಂದು ಬೆಳಿಗ್ಗೆ ಮೂಡಲವರ ಬುಟ್ಟಿಯ ಹಗ್ಗಗಳು ತುಂಡಾಗಿ ಬಿದ್ದಿದ್ದವು. ಇಲಿ ಕಡಿದಿತ್ತು. ಇಲಿಯನ್ನು ಯಾರೂ ನೆನೆಯಲಿಲ್ಲ. ಮಾರನೆಯ ಬೆಳಿಗ್ಗೆ ಪಡುವಲವರ ನೀರಿನ ಹರವಿ ಒಡೆದಿತ್ತು. ಅದನ್ನು ಇಲಿ ಒಡೆದಿರಲಿಲ್ಲ.

ಕೆಲಸದವರ ಮಕ್ಕಳು ಚಪ್ಪರದ ಹಿಂದೆ ಆಡುತ್ತಿದ್ದವು. ಹುಲಿಗೆವ್ವ ಒಂದು ದಿನ ಅತ್ತ ಹೋಗಿ ನೋಡಿದಳು. ಮಕ್ಕಳು ಒಂದು ಗೋಣಿಚೀಲಕ್ಕೆ ಹೊಟ್ಟು ತುಂಬಿ, ಅದರ ಕುತ್ತಿಗೆಗೆ ದಾರ ಕಟ್ಟಿ, ಸಾಲಾಗಿ ನಿಂತು ಬಡಿಯುತ್ತಿದ್ದವು. ಯಾರನ್ನು ಬಡಿಯುತ್ತಿದ್ದೀರಿ ಎಂದು ಕೇಳಿದಳು. ಅವರನ್ನು ಎಂದವು. ಅವಳು ಚೀಲ ಬಿಚ್ಚಿ ಹೊಟ್ಟು ಚೆಲ್ಲಿ ಬಂದಳು. ಆ ದಿನ ಸೌಟು ಎತ್ತುವಾಗ ಅವಳಿಗೆ ಚುಚ್ಚುಮಾತು ಬರಲಿಲ್ಲ.

ಕೊನೆಗೆ ಬಾಯಿ ಮಾತ್ರ ಉಳಿಯಿತು. ಎಂಟು ಮಾರು ಅಗಲ. ಹಳ್ಳ ಬತ್ತಿತ್ತು. ಪಡುವಣ ಮೂಲೆಯಲ್ಲಿ ಮೋಡ ಕಟ್ಟತೊಡಗಿತ್ತು. ಮೇಸ್ತ್ರಿ ಆ ದಿನ ಅರವತ್ತು ಜನರನ್ನೂ ನಿಲ್ಲಿಸಿ, ಕೈ ಚಾಚಲು ಹೇಳಿ, ಕುಡುಗೋಲಿನಿಂದ ತಾನೇ ಒಬ್ಬೊಬ್ಬರ ದಾರ ಕತ್ತರಿಸಿದ. ಮುಗಿಯಿತು, ಇನ್ನು ಎಲ್ಲರೂ ಒಂದೇ ಎಂದ. ಜನ ಸುಮ್ಮನೆ ಕೈ ಚಾಚಿದರು, ಸುಮ್ಮನೆ ಹಿಂತೆಗೆದುಕೊಂಡರು. ಆಮೇಲೆ ಮೂವತ್ತು ಜನ ಮೂಡಲಿಗೆ ನಡೆದರು, ಮೂವತ್ತು ಜನ ಪಡುವಲಿಗೆ.

ಬಾಯಿ ಮುಚ್ಚುವ ಕೆಲಸ ಉಳಿದ ಕೆಲಸದ ಹಾಗಲ್ಲ. ಅಲ್ಲಿ ಒಣ ಮಣ್ಣು ಹಾಕಿದರೆ ನಿಲ್ಲುವುದಿಲ್ಲ. ಎರಡೂ ಕಡೆಯಿಂದ ಜಿಗಿ ಮಣ್ಣು ತಂದು, ಬಾಯಿಯಲ್ಲೇ ತೋಡಿದ ಒಂದೇ ಗುಂಡಿಗೆ ಹಾಕಿ, ನೀರು ಬಿಟ್ಟು, ಎಲ್ಲರೂ ಇಳಿದು ಒಟ್ಟಿಗೆ ತುಳಿಯಬೇಕು. ಈ ಕಡೆಯ ಮಣ್ಣು ಯಾವುದು, ಆ ಕಡೆಯ ಮಣ್ಣು ಯಾವುದು ಎಂದು ತಿಳಿಯದ ಹಾಗೆ ಬೆರೆಯಬೇಕು. ಬೆರೆಯದಿದ್ದರೆ ನಡುವೆ ಒಂದು ಸಂದು ಉಳಿಯುತ್ತದೆ. ಕೂದಲೆಳೆಯಷ್ಟು ಸಂದು ಸಾಕು, ನೀರು ಅದನ್ನು ಹುಡುಕಿಕೊಂಡು ಬರುತ್ತದೆ.

ಇದು ಮೇಸ್ತ್ರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅರವತ್ತು ಜನರನ್ನು ಒಂದು ಗುಂಡಿಗೆ ಇಳಿಸಲು ಅವನಿಗೆ ಧೈರ್ಯ ಬರಲಿಲ್ಲ. ಗುಂಡಿಯ ನಡುವೆ ಒಂದು ಹಗ್ಗ ಎಳೆದ. ಈ ಕಡೆ ನೀವು ತುಳಿಯಿರಿ, ಆ ಕಡೆ ಅವರು ತುಳಿಯಲಿ ಎಂದ. ಆ ದಿನ ಸದ್ದಿಲ್ಲದೆ ಕಳೆಯಿತು. ಸಂಜೆ ಎಲ್ಲರೂ ಹೋದ ಮೇಲೆ ಹಗ್ಗ ಬಿಚ್ಚಿ, ಹಗ್ಗವಿದ್ದ ಜಾಗದಲ್ಲಿ ಒಂದು ಕೋಲು ಊರಿ ನೋಡಿದ. ಕೋಲು ಹಿಡಿಯವರೆಗೂ ಇಳಿಯಿತು.

ಮಾರನೆಯ ದಿನ ಗಾಳಿ ನಿಂತಿತ್ತು. ಮೋಡ ನೆತ್ತಿಗೆ ಬಂದಿತ್ತು. ಬೇರೆ ದಾರಿ ಇರಲಿಲ್ಲ. ನಿನ್ನೆಯ ಮಣ್ಣನ್ನೆಲ್ಲ ಕದಡಿ ಮತ್ತೆ ತುಳಿಯಬೇಕೆಂದ. ಎರಡೂ ಕಡೆಯವರು ಒಂದೇ ಗುಂಡಿಗೆ ಇಳಿದರು. ನಿನ್ನೆ ಮಾಡಿದ ಕೆಲಸ ಕೆಟ್ಟಿದ್ದು ಅವರಿಂದ ಎಂದು ಇವರು ಗೊಣಗಿದರು, ಇವರಿಂದ ಎಂದು ಅವರು. ಮೊಣಕಾಲುದ್ದ ಕೆಸರು. ತಲೆಯ ಮೇಲಿನ ಬುಟ್ಟಿಯಿಂದ ಹಸಿ ಮಣ್ಣು ಮುಖದ ಮೇಲೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅರವತ್ತು ಮುಖಗಳೂ ಒಂದೇ ಬಣ್ಣವಾದವು. ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಅಂಚಿನಿಂದ ಒಂದು ಹೆಂಟೆ ಕಳಚಿ ಯಾರದೋ ತಲೆಯ ಮೇಲೆ ಬಿತ್ತು. ಹೆಂಟೆ ತಾನಾಗಿ ಕಳಚಿತ್ತು. ಯಾರೋ ಹೊಡೆದರು ಎಂದರು. ಯಾರು ಎಂದು ಯಾರೂ ಕೇಳಲಿಲ್ಲ. ಒಂದು ಬುಟ್ಟಿ ತಿರುಗಿ ಬಂತು. ಆಮೇಲೆ ಒಂದು ಕೈ. ಆಮೇಲೆ ಕೈಯಲ್ಲಿದ್ದದ್ದೆಲ್ಲ. ಹಾರೆ ಹಿಡಿದವನು ಹಾರೆಯನ್ನು ಮಣ್ಣಿಗೆಂದು ಹಿಡಿದಿದ್ದ. ಕೈಯಲ್ಲಿ ಇತ್ತು, ಎತ್ತಿದ.

ಮೇಸ್ತ್ರಿ ಏರಿಯ ಮೇಲೆ ನಿಂತಿದ್ದ. ಗುಂಡಿ ಅವನ ಕಾಲ ಕೆಳಗೆ, ಎರಡಾಳು ಆಳದಲ್ಲಿ. ಏಯ್ ನಿಲ್ಲಿಸ್ರೋ ಎಂದು ಕೂಗಿದ. ಯಾರಿಗೆ ಹೇಳಿದ ಎಂದು ಯಾರಿಗೂ ತಿಳಿಯಲಿಲ್ಲ. ಎಲ್ಲರಿಗೂ ಹೇಳಿದ ಮಾತು ಯಾರಿಗೂ ತಾಗುವುದಿಲ್ಲ. ಮತ್ತೆ ಕೂಗಿದ. ಮತ್ತೆ ಹಾಗೇ.

ಆಗ ಹುಲಿಗೆವ್ವ ಅಂಬಲಿ ತೆಗೆದುಕೊಂಡು ಬಂದಳು. ಮಡಕೆ ಕೆಳಗಿಟ್ಟಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಗೆ ಇಳಿದಳು. ಅವಳು ನಿಲ್ಲಿಸಿ ಎನ್ನಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಎದುರಿಗೆ ಸಿಕ್ಕ ಮೊದಲನೆಯವನ ಮುಖ ಹತ್ತಿರದಿಂದ ನೋಡಿ, "ದ್ಯಾಮಣ್ಣಾ, ಆ ಸಲಿಕಿ ಕೆಳಗಿಡು" ಎಂದಳು. ದಿನಾ ಅಂಬಲಿ ಬಡಿಸುವಾಗ ಕರೆಯುವ ದನಿಯಲ್ಲೇ.

ದ್ಯಾಮಣ್ಣ ಸಲಿಕೆ ಕೆಳಗಿಟ್ಟ. ನಿದ್ದೆಯಿಂದ ಎದ್ದವನ ಹಾಗೆ ತನ್ನ ಕೈ ನೋಡಿಕೊಂಡ.

ಅವಳು ಮುಂದೆ ಹೋದಳು. ಯಮನೂರಪ್ಪಾ ಎಂದಳು. ಯಮನೂರಪ್ಪ ನಿಂತ. ಹೊನ್ನೂರವ್ವಾ, ಕೂದಲ ಬಿಡು, ಅದು ನಿನ್ನ ನಾದಿನಿ ಎಂದಳು. ಹೊನ್ನೂರವ್ವ ಕೈ ಬಿಟ್ಟಳು. ಗಾಳೆಪ್ಪಾ, ಕನಕಪ್ಪಾ, ಮರಿಯವ್ವಾ. ಒಬ್ಬೊಬ್ಬರ ಮುಖ ನೋಡುತ್ತಿದ್ದಳು, ಗುರುತು ಹಿಡಿಯುತ್ತಿದ್ದಳು, ಹೆಸರು ಹಿಡಿದು ಕರೆಯುತ್ತಿದ್ದಳು. ಹೆಸರು ಕೇಳಿಸಿಕೊಂಡವರು ನಿಲ್ಲುತ್ತಿದ್ದರು. ಹೀಗೆ ಹನ್ನೊಂದು ಜನ ನಿಂತರು. ನಿಂತವರು ಇನ್ನೊಬ್ಬರನ್ನು ಕರೆಯಲಿಲ್ಲ. ಹುಲಿಗೆವ್ವ ಕರೆಯುತ್ತಿದ್ದಾಳಲ್ಲ ಎಂದು ನೋಡುತ್ತ ನಿಂತರು.

ಮೇಲೆ ಮೇಸ್ತ್ರಿಯೂ ಅದನ್ನೇ ಅಂದುಕೊಂಡ. ಅಕ್ಕ ಎಲ್ಲವನ್ನೂ ಸರಿ ಮಾಡುತ್ತಾಳೆ. ಚಿಕ್ಕಂದಿನಿಂದ ಅವನು ಕಂಡದ್ದು ಅದನ್ನೇ.

ಹನ್ನೆರಡನೆಯವನು ಹಾರೆ ಎತ್ತಿದ್ದ. ಹುಲಿಗೆವ್ವ ಅವನ ಎದುರು ಬಂದು ನಿಂತಳು. ಮುಖ ನೋಡಿದಳು. ಅವನ ಮುಖದ ಮೇಲೆ ಬೆರಳು ದಪ್ಪದ ಕೆಸರಿತ್ತು, ಹುಬ್ಬಿನವರೆಗೂ. ಅವಳಿಗೆ ಗುರುತು ಸಿಗಲಿಲ್ಲ. ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. ಕಣ್ಣು ಕಿರಿದು ಮಾಡಿ ನೋಡಿದಳು.

ಮೇಲಿನಿಂದ ಮೇಸ್ತ್ರಿಗೆ ಗುರುತು ಸಿಕ್ಕಿತು. ಎಡಗೈ ಮುಂದೆ ಮಾಡಿ ಹಾರೆ ಹಿಡಿಯುವವನು ಅರವತ್ತು ಜನರಲ್ಲಿ ಒಬ್ಬನೇ. ಅವನ ಹೆಸರು ಮೇಸ್ತ್ರಿಯ ನಾಲಗೆಯ ಮೇಲೆ ಬಂತು. ಎರಡಕ್ಷರ ಕೂಗಿದರೆ ಸಾಕು, ಗುಂಡಿಗೆ ಕೇಳುತ್ತಿತ್ತು. ಆದರೆ ಹೆಸರು ಹಿಡಿದು ಕೂಗಿದರೆ ಆ ಮನುಷ್ಯ ಮೇಲೆ ನೋಡುತ್ತಾನೆ. ಅರವತ್ತು ಜನವೂ ಮೇಲೆ ನೋಡುತ್ತಾರೆ. ದಾರ ಕಟ್ಟಿಸಿದವನು ತಾನು, ಮಡಕೆ ಎರಡು ಮಾಡಿದವನು ತಾನು, ಇವರ ಮಾತು ಅವರಿಗೆ ಹೇಳಿದವನು ತಾನು. ಎಲ್ಲವೂ ಆ ಒಂದು ಉಸಿರಿನಲ್ಲಿ ಅವನ ಮನಸ್ಸಿಗೆ ಬಂತು. ಅಲ್ಲದೆ ಆ ಹಾರೆಯವನ ಪಕ್ಕದಲ್ಲೇ ಅವನ ನೆರೆಮನೆಯವನು ನಿಂತಿದ್ದ. ಅವನಿಗೂ ಹೆಸರು ಗೊತ್ತು. ಅವನು ಕರೆಯಬಹುದಲ್ಲ. ನೆರೆಮನೆಯವನು ಏನಂದುಕೊಂಡನೋ ದೇವರಿಗೆ ಗೊತ್ತು. ಅವನೂ ಕರೆಯಲಿಲ್ಲ.

ಹುಲಿಗೆವ್ವ ಕೇಳಿದಳು, "ನೀನು ಯಾರಪ್ಪಾ?"

ಹಾರೆ ಅವಳ ತಲೆಯ ಮೇಲೆ ಇಳಿಯಿತು.

ಆಮೇಲೆ ಯಾರೂ ನಿಲ್ಲಿಸಬೇಕಾಗಲಿಲ್ಲ, ತಾನಾಗಿ ನಿಂತಿತು. ಅವಳನ್ನು ಎತ್ತಿ ಮೇಲೆ ತಂದರು. ಎತ್ತಿದವರಲ್ಲಿ ಎರಡೂ ಕಡೆಯವರಿದ್ದರು. ಗಾಡಿಯಲ್ಲಿ ಮಲಗಿಸಿ ಮನೆಗೆ ಕಳಿಸಿದರು. ಮೇಸ್ತ್ರಿ ಗಾಡಿಯ ಹಿಂದೆ ಹೋಗಲಿಲ್ಲ. ಮೋಡ ಗುಡುಗುತ್ತಿತ್ತು. ಅರವತ್ತು ಜನವೂ ಮತ್ತೆ ಗುಂಡಿಗೆ ಇಳಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕಾಲಿಗೆ ಕಾಲು ತಾಗಿಸಿ ತುಳಿದರು. ಮಣ್ಣು ಬೆರೆಯಿತು. ಹೊತ್ತು ಮುಳುಗುವ ಮುಂಚೆ ಬಾಯಿ ಮುಚ್ಚಿತು. ಮೊದಲ ಹನಿ ಬಿದ್ದದ್ದು ಆಮೇಲೆ. ಮೂರು ದಿನ ಸುರಿಯಿತು. ಏರಿ ಜಗ್ಗಲಿಲ್ಲ. ಕೆಳಗಿನ ಕೇರಿಯಲ್ಲಿ ಒಂದು ಕೋಳಿಮರಿಯೂ ಸಾಯಲಿಲ್ಲ.

ಊರಿನ ಹಿರಿಯರು ಕೂತು ವಿಚಾರಿಸಿದರು. ಒಬ್ಬೊಬ್ಬರನ್ನೇ ಕರೆದು ಕೇಳಿದರು. ಒಬ್ಬ, ನಾನು ಒಂದೇ ಸಲ ತಳ್ಳಿದೆ ಎಂದ. ಇನ್ನೊಬ್ಬ, ನನ್ನನ್ನು ತಳ್ಳಿದರು, ನಾನು ಅವರ ಮೇಲೆ ಬಿದ್ದೆ ಎಂದ. ಅವರು ಶುರು ಮಾಡಿದರು ಎಂದು ಐವತ್ತು ಜನ ಹೇಳಿದರು. ಯಾರೂ ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ. ಎಡಗೈಯವನೂ ಬಂದ, ಕೆಸರಿನಲ್ಲಿ ಏನೂ ಕಾಣಲಿಲ್ಲ ಎಂದ. ಅವನು ಮೂರು ಹೆಣ್ಣುಮಕ್ಕಳ ತಂದೆ, ಹುಲಿಗೆವ್ವನ ಗಂಡ ಸತ್ತಾಗ ಹೆಣ ಹೊತ್ತವನು. ಗುಂಪಿನಲ್ಲಿ ಗೋವಿಂದ ಎಂದು ಹಿರಿಯರು ಎದ್ದರು. ಮೇಸ್ತ್ರಿಯನ್ನು ಕೇಳಿದಾಗ ಅವನು, ನಾನು ಆಕಾಶ ನೋಡುತ್ತಿದ್ದೆ ಎಂದ.

ನಾಲ್ಕನೆಯ ದಿನ ಮಳೆ ನಿಂತಿತು. ಹುಲಿಗೆವ್ವನಿಗೆ ಎಚ್ಚರ ಬಂತು. ಮೇಸ್ತ್ರಿ ಪಕ್ಕದಲ್ಲಿ ಕೂತಿದ್ದ. ಏರಿ ನಿಂತಿತೋ ಎಂದು ಅವಳು ಮೊದಲು ಕೇಳಿದಳು. ನಿಂತಿತು ಎಂದ. ಅವರೆಲ್ಲ ಅಂಬಲಿ ಕುಡಿದರೋ ಎಂದು ಕೇಳಿದಳು. ಕುಡಿದರು ಎಂದ. ಆ ದಿನದ ಅಂಬಲಿ ಏರಿಯ ಮೇಲೆ ಹಾಗೇ ಹುಳಿತು ಹೋಗಿತ್ತು.

ಅವಳನ್ನು ಏನೋ ಕೊರೆಯುತ್ತಿತ್ತು. ನೋವಲ್ಲ, ಅದು ಬೇರೆ.

"ತಮ್ಮಾ, ಅವ ಯಾರಪಾ? ಅಷ್ಟು ಹತ್ರ ಹೋದ್ರೂ ನನಗ ಗುರ್ತಾ ಸಿಗಲಿಲ್ಲ. ಇಷ್ಟು ದಿವಸ ನನ್ನ ಕೈಲೆ ಅಂಬಲಿ ಕುಡದಾನ, ಹೆಸರು ಬಾಯಿಗೆ ಬರಲಿಲ್ಲ ನೋಡು. ನೀನು ಮ್ಯಾಲಿದ್ದೆಲ್ಲ, ನಿನಗ ಕಾಣಲಿಲ್ಲೇನು?"

ಮೇಸ್ತ್ರಿ ಅವಳ ಹಾಸಿಗೆಯ ಅಂಚು ಸರಿ ಮಾಡಿದ.

"ಇಲ್ಲಕ್ಕ. ನನಗೂ ಕಾಣಲಿಲ್ಲ."

"ಹೌದು ಬಿಡು," ಎಂದಳು ಹುಲಿಗೆವ್ವ. "ಕಂಡಿದ್ರ ಕೂಗತಿದ್ದಿ."

ಅವಳ ಮುಖಕ್ಕೆ ಸಮಾಧಾನ ಬಂತು. ಆ ಸಮಾಧಾನದಲ್ಲೇ ಅವಳು ಹೋದಳು.

ಗುರು ಕತೆ ಮುಗಿಸಿದರು.

ಶಿಷ್ಯ ಬಹಳ ಹೊತ್ತು ಕಾದ. ಇನ್ನೂ ಏನೋ ಇದೆ, ಗುರು ಅದನ್ನು ಹೇಳುತ್ತಾರೆ ಎಂದು ಕಾದ. ಹೇಳದಿದ್ದಾಗ ತಾನೇ ಲೆಕ್ಕ ಹಾಕಲು ಶುರು ಮಾಡಿದ. ದಾರ ಕಟ್ಟದಿದ್ದರೆ ಇದಾಗುತ್ತಿರಲಿಲ್ಲವೇ? ಮಡಕೆ ಒಂದೇ ಇದ್ದಿದ್ದರೆ? ಬಿಸಿಲು ಕಡಿಮೆ ಇದ್ದಿದ್ದರೆ, ಕೈಯಲ್ಲಿ ಹಾರೆ ಇಲ್ಲದಿದ್ದರೆ, ಮುಖ ಕಾಣುತ್ತಿದ್ದರೆ? ಒಂದೊಂದನ್ನೂ ಹಿಡಿದು ನೋಡಿದ. ಯಾವುದೂ ಪೂರ್ತಿ ಸಾಲಲಿಲ್ಲ.

"ಆದರೆ ಗುರುಗಳೇ," ಎಂದ, "ಸಂತೆಯಲ್ಲಿ ಅವರ ಸಿಟ್ಟು ಎಲ್ಲಿಂದ ಬಂತು ಎಂದು ನೀವು ಹೇಳಲೇ ಇಲ್ಲ."

ಗುರು ಅವನ ಮುಖ ನೋಡಿ ಕೇಳಿದರು, "ಹೊಡೆಯುತ್ತಿದ್ದವರಲ್ಲಿ ಎಷ್ಟು ಜನರ ಹೆಸರು ನಿನಗೆ ಗೊತ್ತಿತ್ತು?"